ನಡುವಿನ ಬಟ್ಟಲು

ಕಾತ್ರಜದ ಏರು ಶುರುವಾಗುವ ಮೊದಲೇ ಬಸ್ಸು ನಿಂತುಬಿಟ್ಟಿತು. ಮುಂದೆ ಯಾವುದೋ ಟ್ರಕ್ಕು ಅಡ್ಡ ನಿಂತಿದೆಯಂತೆ. ದಸರೆಯ ದಿನ, ಹನ್ನೊಂದರ ಬಿಸಿಲು, ಕಿಟಕಿಗಳೆಲ್ಲ ತೆರೆದಿದ್ದವು. ಎರಡು ನಿಮಿಷಕ್ಕೆ ಆ ವಾಸನೆ ಟಿಕೆಟ್ಟಿಲ್ಲದೆ ಒಳಗೆ ಹತ್ತಿತು. ಕೊಳೆತ ಚೆಂಡುಹೂವು, ಸೇವಂತಿಗೆ, ತೆಂಗಿನ ಚಿಪ್ಪು, ಎಲ್ಲದರ ಅಡಿಯಲ್ಲಿ ಹುಳಿ ಬಂದ ಗುಲಾಬಿ. ನವರಾತ್ರಿಯ ಒಂಬತ್ತು ದಿನ ಪುಣೆಯ ದೇವಿಯರ ಕೊರಳಲ್ಲಿದ್ದ ಹಾರಗಳೆಲ್ಲ ಗೊಬ್ಬರವಾಗಲು ಬಂದು ಬೀಳುವ ಜಾಗ ಅಲ್ಲೇ ರಸ್ತೆಯ ಪಕ್ಕ, ತಗಡಿನ ಗೋಡೆಯ ಹಿಂದೆ ಇದೆ.

ಮುಂದಿನ ಸೀಟಿನ ಹೆಂಗಸೊಬ್ಬರು "ಶೀ, ಕಾಯ್ ವಾಸ್!" ಎಂದು ಸೆರಗನ್ನು ಮೂಗಿಗೆ ಒತ್ತಿದರು. ಪಕ್ಕದ ಅಜ್ಜ ಕಿಟಕಿಯ ಜೊತೆ ಕುಸ್ತಿಗೆ ಇಳಿದ. ಕಂಡಕ್ಟರ್ ಮಾತ್ರ ತನ್ನ ಗೌರವಕ್ಕೆ ಕುಂದು ಬರಬಾರದೆಂದು ಮೂಗು ಮುಚ್ಚದೆ ಬಾಯಿಂದ ಉಸಿರಾಡುತ್ತಿದ್ದ. ಇದನ್ನೆಲ್ಲ ನಾನು ಬೇಕೆಂದು ನೋಡುವುದಿಲ್ಲ, ಕಣ್ಣು ತಾನಾಗಿ ನೋಡಿ ಇಟ್ಟುಕೊಳ್ಳುತ್ತದೆ. ಬೇರೆಯವರು ಪೇಟೆಗೆ ಹೋಗಿ ತರಕಾರಿ ತಂದರೆ ನಾನು ಮುಖಗಳನ್ನು ತರುತ್ತೇನೆ. ಅಂದು ನನ್ನ ತೊಡೆಯ ಮೇಲಿನ ಚೀಲದಲ್ಲಿ ಶೇಕರ್, ಜರಡಿ, ಚಾಕು, ಒಂದು ಹಿತ್ತಾಳೆಯ ಅಳತೆ ಇದ್ದವು. ಸಾತಾರಾ ರಸ್ತೆಯ ತೋಟದ ಮನೆಯೊಂದರ ದಸರಾ ಪಾರ್ಟಿಗೆ ಪಾನೀಯ ಬೆರೆಸಲು ಹೊರಟಿದ್ದೆ. ಅಂಗಿಯ ಕಿಸೆಯಲ್ಲಿ ನಾಲ್ಕು ಬನ್ನಿ ಎಲೆ. ಈ ಜಾಗ ನನಗೆ ಗೊತ್ತಿತ್ತು. ಒಳಗೆ ಯಾರಿದ್ದಾರೆ ಎಂಬುದೂ ಗೊತ್ತಿತ್ತು. ಮೂರು ವರ್ಷದಿಂದ ಇದೇ ತಿರುವಿನಲ್ಲಿ ಇನ್ನೊಂದು ಬದಿಯ ಕಿಟಕಿ ನೋಡುತ್ತ ದಾಟಿದ್ದೆ.

ನಾಲ್ಕು ವರ್ಷದ ಹಿಂದಿನ ಮಾತು, ಮಾಸ್ಕಿನ ಕಾಲ ಮುಗಿದು ಜನ ಮತ್ತೆ ಒಬ್ಬರ ಮುಖ ಒಬ್ಬರು ನೋಡಲು ಕಲಿಯುತ್ತಿದ್ದ ವರ್ಷ. ನನಗಾಗ ಇಪ್ಪತ್ತಮೂರು. ಹೆಸರು ಚನ್ನಬಸಪ್ಪ, ಆದರೆ ಅಷ್ಟುದ್ದದ ಹೆಸರು ಕೂಗಲು ಪುಣೆಯಲ್ಲಿ ಯಾರಿಗೂ ಪುರುಸೊತ್ತಿಲ್ಲವಾದ್ದರಿಂದ ಮತ್ತು ಯಾರ ದನಿ ಬೇಕಾದರೂ ಹೊರಡಿಸುತ್ತೇನಾದ್ದರಿಂದ ಬಾರಿನಲ್ಲಿ ಎಲ್ಲರಿಗೂ ನಾನು ರೇಡಿಯೋ. ಅಪ್ಪ ಖಡಕಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವ್ವ ನೆರೆಮನೆಯವರಿಗೆ "ನಮ್ಮ ಹುಡುಗ ಹೋಟೆಲ್ ಲೈನಿನ್ಯಾಗ ಇದ್ದಾನ" ಎಂದು ಹೇಳಿ, ಹೋಟೆಲಿನಲ್ಲಿ ಏನು ಎಂದು ಅವರು ಕೇಳುವ ಮೊದಲೇ ಒಲೆಯ ಮೇಲಿನ ಹಾಲು ನೆನಪಿಸಿಕೊಂಡು ಒಳಗೆ ಓಡುತ್ತಿದ್ದಳು. ಅವಳ ಆ ಓಟವನ್ನೂ ನಾನು ಚೆನ್ನಾಗಿ ಮಾಡಿ ತೋರಿಸುತ್ತೇನೆ.

ನನ್ನನ್ನು ಕೌಂಟರಿನ ಹಿಂದೆ ನಿಲ್ಲಿಸಿದವರು ಈರಣ್ಣ ಕಾಕಾ. ಅಪ್ಪನ ಊರಿನ ಕಡೆಯವರು, ಇಂಡಿ ತಾಲೂಕಿನವರು. ಐವತ್ತೈದರ ಆಸುಪಾಸು, ಹಣೆಯ ಮೇಲೆ ಮೂರು ಬೆರಳು ವಿಭೂತಿ, ಅದರ ಕೆಳಗೆ ಕಪ್ಪು ಏಪ್ರನ್. ವಿಭೂತಿಗೂ ವೋಡ್ಕಾಗೂ ಹೇಗೆ ಹೊಂದಾಣಿಕೆ ಎಂದು ಯಾರಾದರೂ ಕೇಳಿದರೆ "ಎರಡೂ ಸ್ವಚ್ಛ ಮಾಡ್ತಾವು" ಎನ್ನುತ್ತಿದ್ದರು. ಬಾರಿಗೆ ಬರುವ ಮೊದಲು ಅವರು ಕ್ಯಾಂಪಿನ ಒಂದು ಅತ್ತರಿನ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕೂತವರು. ಅಲ್ಲಿಂದ ಬರುವಾಗ ಎರಡು ವಸ್ತು ತಂದಿದ್ದರು. ಒಂದು ಅತ್ತರು ಅಳೆಯುವ ಹಿತ್ತಾಳೆಯ ಪುಟ್ಟ ಅಳತೆ. ಇನ್ನೊಂದು ಅವರ ಮೂಗು.

ನಮ್ಮ ಬಾರಿನ ಹೆಸರು ಆ ಮೂಗಿನ ಮೇಲೆ ನಿಂತಿತ್ತು. ಮಾಲಕ ರಾಜನ್ ಶೇಠ್ ಗುಲಾಬಿಯ ಲಿಕ್ಯೂರನ್ನು ಹೊರಗಿಂದ ತರಿಸುತ್ತಿರಲಿಲ್ಲ. ಔಷಧಿ ಹೊಡೆಯದ ನಾಟಿ ಗುಲಾಬಿಯ ಚೀಲ ಬೆಳಗಿನ ದೌಂಡ ಲೋಕಲ್‌ನಲ್ಲಿ ಬರುತ್ತಿತ್ತು. ಕಾಕಾ ಸ್ಟೇಶನ್ನಿಗೆ ಹೋಗಿ ಹೊತ್ತು ತರುತ್ತಿದ್ದರು. ಎಸಳು ಬಿಡಿಸಿ, ಪ್ರತಿ ಎಸಳಿನ ಬಿಳಿ ಬುಡ ಚಿವುಟಿ ತೆಗೆದು, ಏಕೆಂದರೆ ಕಹಿ ಇರುವುದು ಅಲ್ಲೇ, ಗಾಜಿನ ಭರಣಿಯಲ್ಲಿ ವೋಡ್ಕಾ ಸುರಿದು ಮುಳುಗಿಸಿ, ಬಟ್ಟೆ ಕಟ್ಟಿ ಇಡುವುದು. ಇಷ್ಟು ಯಾರು ಬೇಕಾದರೂ ಮಾಡಿಯಾರು. ಯಾವತ್ತು ಸೋಸಬೇಕು ಎಂಬುದರಲ್ಲೇ ಎಲ್ಲ ಇರುವುದು. ಒಂದು ದಿನ ಮೊದಲು ಸೋಸಿದರೆ ನೀರು, ಎರಡು ದಿನ ತಡವಾದರೆ ಒಣ ಹುಲ್ಲು. ನಡುವಿನ ಆ ಒಂದು ದಿನವನ್ನು ಹಿಡಿಯುವುದು ಕಾಕಾನ ಕೆಲಸ. ಸೋಸಿದ ಮೇಲೆ ಸಕ್ಕರೆಯ ಪಾಕ ಸೇರಿದರೆ ಅದೇ ಲಿಕ್ಯೂರು.

ದಿನಾ ಬೆಳಿಗ್ಗೆ ಹತ್ತಕ್ಕೆ ಒಂದು ಆಟ ನಡೆಯುತ್ತಿತ್ತು. ಕಾಕಾ ಭರಣಿಯ ಮುಚ್ಚಳದ ಮೇಲೆ ಬೆರಳಿಂದ ಮೂರು ಸಲ ತಟ್ಟುವರು. ಬಟ್ಟೆ ಸರಿಸಿ, ಮುಖವನ್ನು ಒಂದಿಷ್ಟು ಓರೆ ಮಾಡಿ, ಕಣ್ಣು ಮುಚ್ಚಿ ಬಗ್ಗುವರು. ನಾವೆಲ್ಲ ಕೈಕಟ್ಟಿ ನಿಲ್ಲುವೆವು. ಆಮೇಲೆ ತಲೆಯೆತ್ತಿ, "ಇನ್ನ ಮೂರ್ ದಿವಸ", ಇಲ್ಲವೆ "ಇನ್ನೊಂದ್ ದಿವಸ." ಅಷ್ಟೇ. ಶೇಠ್ ಆ ವರ್ಷದ ದೀಪಾವಳಿಗೆ ಹಬ್ಬದ ಕಾಕ್‌ಟೇಲುಗಳ ಹೊಸ ಮೆನು ಅಚ್ಚು ಹಾಕಿಸಿದ್ದರು. ಮೊದಲ ಪುಟದಲ್ಲಿ ಕಾಕಾನ ಭಾವಚಿತ್ರ, ಕಣ್ಣು ಮುಚ್ಚಿ ಭರಣಿಯ ಮೇಲೆ ಬಗ್ಗಿದ್ದು. ಅಡಿಯಲ್ಲಿ ಮರಾಠಿಯಲ್ಲಿ, ಈರಣ್ಣನ ಮೂಗು ಹೂಂ ಎಂದ ಮೇಲೆಯೇ ನಿಮ್ಮ ಗ್ಲಾಸಿಗೆ, ಎಂಬ ಒಕ್ಕಣೆ.

ಗಣಪತಿ ಮುಳುಗಿಸುವ ದಿನ ಬಾರು ಬಂದ್. ಬಾಗಿಲು ಹಾಕಿಕೊಂಡು ನಾವು ಮೂರು ಜನ ಇಡೀ ದಿನ ಎಸಳು ಬಿಡಿಸಿದೆವು. ಕಾಕಾ, ನಾನು, ಮತ್ತೆ ಪಾತ್ರೆ ತೊಳೆಯುವ, ನೆಲ ಒರೆಸುವ, ನಮ್ಮನ್ನೆಲ್ಲ ಬೈಯುವ ಮಂದಾ ಮಾವಶಿ. ಹೊರಗೆ ಢೋಲು ತಾಶೆಯ ಹೊಡೆತಕ್ಕೆ ಕಪಾಟಿನ ಗ್ಲಾಸುಗಳು ಗಿಣಿಗಿಣಿ ಎನ್ನುತ್ತಿದ್ದವು.

"ಕಾಕಾ, ಈ ಹೊಸ ಕಾಕ್‌ಟೇಲಿಗೆ ಶೇಠ್ ಏನ್ ಹೆಸರಿಟ್ಟಾರ ಗೊತ್ತದ ಏನ್ರಿ?" ಎಂದೆ. "'ಪಹಿಲೀ ಆಂಘೋಳ್'. ದೀಪಾವಳಿಯ ಮೊದಲ ಜಳಕ. ಗುಲಾಬಿ, ನಿಂಬೆ, ಯಾಲಕ್ಕಿ, ಮ್ಯಾಲೆ ಬುರುಗು. ಗಿರಾಕಿ ಕುಡದು ಟಾವೆಲ್ ಕೇಳ್ತಾನ ನೋಡ್ರಿ."

"ನೀ ಮೊದಲ ಬುಡ ಚಿವುಟು. ಬಾಯಿ ಆಮ್ಯಾಲೆ."

"ಇನ್ನೊಂದು 'ಕಂದೀಲ್'. ಜಿನ್ನು, ಗುಲಾಬಿ, ಕೋಕಂ. ಅಂಚಿಗೆ ಕಲ್ಲುಸಕ್ರಿ ಪುಡಿ. ಕೆಂಪಗ ಹೊಳೀತದ. ನಾಕ್ ಹಾಕಿದ್ರ ಗಿರಾಕೀನೂ ತೂಗಾಡ್ತಾನ, ಕಂದೀಲಿನಂಗ."

ಕಾಕಾ ನಕ್ಕರು. ನಗುವಾಗ ಅವರ ಹೊಟ್ಟೆ ಮೊದಲು, ಮುಖ ಆಮೇಲೆ. ಅಷ್ಟರಲ್ಲಿ ಮಾವಶಿ ಕಾಲು ಜಾರಿ ಫಿನಾಯಿಲ್ ಡಬ್ಬಿಯನ್ನು ನಮ್ಮ ಪಕ್ಕದಲ್ಲೇ ಉರುಳಿಸಿದಳು. ಅರ್ಧ ಡಬ್ಬಿ ನೆಲಕ್ಕೆ. ನನ್ನ ಕಣ್ಣಲ್ಲಿ ನೀರು ಬಂತು. ಗುಲಾಬಿಗೆ ವಾಸನೆ ಹಿಡಿದೀತೆಂದು ಬುಟ್ಟಿ ಎತ್ತಿಕೊಂಡು ನಾನು ಹಿಂದಿನ ಬಾಗಿಲಿಗೆ ಓಡಿದೆ, ಮಾವಶಿ ಮೂಗು ಮುಚ್ಚಿಕೊಂಡು ನನ್ನ ಹಿಂದೆ. ಕಾಕಾ ಮಾತ್ರ ನೆಲದ ಮೇಲೆ ಹರಿದು ಬರುತ್ತಿದ್ದ ಫಿನಾಯಿಲಿನ ಪಕ್ಕದಲ್ಲೇ ಕೂತು ಎಸಳು ಬಿಡಿಸುತ್ತಲೇ ಇದ್ದರು. ನಾವಿಬ್ಬರೂ ಓಡಿದ್ದು ಕಂಡ ಮೇಲೆ ಗಡಬಡಿಸಿ ಎದ್ದು, "ಥೂ, ಏನ್ ವಾಸನಿ!" ಎಂದರು.

ಇದನ್ನೂ ನನ್ನ ಕಣ್ಣು ಇಟ್ಟುಕೊಂಡಿತು. ನನ್ನ ತಲೆ ಮಾತ್ರ ಏನನ್ನೂ ಯೋಚಿಸಲಿಲ್ಲ. ನನ್ನ ಕಣ್ಣಿಗೂ ತಲೆಗೂ ನಡುವೆ ಸರಿಯಾದ ರಸ್ತೆ ಇಲ್ಲ ಎಂದು ಅಪ್ಪ ಹೇಳುವುದು ಸುಳ್ಳಲ್ಲ.

ಪಿತೃಪಕ್ಷದ ಹದಿನೈದು ದಿನ ಗಿರಾಕಿ ಕಡಿಮೆ. ಮಳೆ ಹೋಗಿ ಬಂದು ಮಾಡುತ್ತಿತ್ತು. ಖಾಲಿ ಕೌಂಟರಿನ ಹಿಂದೆ ನಿಂತು ನಾನು ಕಾಕಾನನ್ನು ಅಭ್ಯಾಸ ಮಾಡಿದೆ. ಆವರೆಗೆ ಬಾರಿನಲ್ಲಿ ನಾನು ಮಾಡಿ ತೋರಿಸದೆ ಉಳಿದವರು ಅವರೊಬ್ಬರೇ. ಸುಲಭವೆಂದುಕೊಂಡಿದ್ದೆ, ಆಗಲಿಲ್ಲ. ಮೂರು ಸಲ ತಟ್ಟಿ, ಮುಖ ಓರೆ ಮಾಡಿ, ಕಣ್ಣು ಮುಚ್ಚಿ ಮೂಸಿದರೆ ಯಾರೋ ಒಬ್ಬ ಮೂಸುವವನ ಹಾಗೆ ಕಾಣುತ್ತಿತ್ತೇ ಹೊರತು ಕಾಕಾನ ಹಾಗೆ ಕಾಣುತ್ತಿರಲಿಲ್ಲ. ಎಲ್ಲಿ ತಪ್ಪುತ್ತಿದೆ ಎಂದು ದಿನಾ ಹತ್ತಕ್ಕೆ ಅವರ ಎದುರು ನಿಂತು ನೋಡಿದೆ. ಐದನೆಯ ದಿನಕ್ಕೆ ಸಿಕ್ಕಿತು. ಎರಡು ಸಂಗತಿ. ಒಂದು, ತಲೆಯೆತ್ತುವ ಮೊದಲು ಅವರ ಬಲಗೈ ಹೆಬ್ಬೆರಳು ಎಡ ಮಣಿಕಟ್ಟಿನ ಬಿಳಿ ದಾರವನ್ನು ಸವರುತ್ತಿತ್ತು. ಯಾವುದೋ ಮಠದ ದಾರವೆಂದು ನಾವೆಲ್ಲ ತಿಳಿದಿದ್ದೆವು. ಇನ್ನೊಂದು, ಅವರು ಉಸಿರು ಎಳೆಯುತ್ತಿರಲಿಲ್ಲ. ಮೂಗಿನ ಹೊಳ್ಳೆ ಅಲುಗುತ್ತಿರಲಿಲ್ಲ, ಎದೆ ಏಳುತ್ತಿರಲಿಲ್ಲ. ನಾನು ಉಸಿರು ಹಿಡಿದು ಬಗ್ಗಿ, ದಾರ ಸವರಿ, "ಇನ್ನೊಂದ್ ದಿವಸ" ಎಂದೆ. ಪಾತ್ರೆ ಉಜ್ಜುತ್ತಿದ್ದ ಮಾವಶಿ ತಿರುಗಿ ನೋಡಿ, "ಈರಣ್ಣಾ ಎಂದುಕೊಂಡೆನಲ್ಲೋ ಸುಟ್ಟಮೋತ್ಯಾ" ಎಂದು ಮರಾಠಿಯಲ್ಲಿ ಬೈದಳು. ನನಗೆ ಹಿಗ್ಗೋ ಹಿಗ್ಗು. ಉಸಿರೆಳೆಯದೆ ಮೂಸುವುದು ದೊಡ್ಡ ಉಸ್ತಾದರ ಪದ್ಧತಿ ಇರಬೇಕು ಎಂದುಕೊಂಡೆ. ಅಷ್ಟೇ ಅಂದುಕೊಂಡೆ, ನಾನು.

ಖಂಡೇನವಮಿಯ ಮಧ್ಯಾಹ್ನ ಬಾರಿನಲ್ಲಿ ಆಯುಧಪೂಜೆ. ಕೌಂಟರಿನ ಮೇಲೆ ಕೆಂಪು ಬಟ್ಟೆ ಹಾಸಿ ಶೇಕರುಗಳು, ಜರಡಿಗಳು, ಚಾಕು, ಐಸ್ ಒಡೆಯುವ ಮೊಳೆ, ಎಲ್ಲವನ್ನೂ ಸಾಲಾಗಿ ಇಟ್ಟು ಅರಿಶಿನ ಕುಂಕುಮ, ಚೆಂಡುಹೂವು. ಎಲ್ಲಕ್ಕೂ ಮುಂದೆ ಕಾಕಾನ ಹಿತ್ತಾಳೆಯ ಅಳತೆ. ಕೊಬ್ಬರಿ ಪೇಢೆ ಹಂಚಿದ ಮೇಲೆ ಶೇಠ್ ಕುರ್ಚಿ ಎಳೆದು ಕೂತು, "ಏ ರೇಡಿಯೋ, ಕಾಹೀತರೀ ಕರ್ ರೇ" ಎಂದರು. ಏನಾದರೂ ಮಾಡು.

ಏನಾದರೂ ಮಾಡು ಅಂದರೆ ಸಾಕು ನನಗೆ. ಮೊದಲು ಶೇಠರನ್ನೇ ಮಾಡಿದೆ, ಗಿರಾಕಿ ಗ್ಲಾಸು ಒಡೆದಾಗ ಬಾಯಲ್ಲಿ "ಪರವಾಗಿಲ್ಲ ಸರ್" ಎನ್ನುತ್ತ ಕಣ್ಣಲ್ಲಿ ಅಳುವುದು. ಮಾವಶಿಯನ್ನು ಮಾಡಿದೆ. ರಜೆ ಕೇಳಲು ಹೋದ ನನ್ನನ್ನೇ ಮಾಡಿದೆ, ಎಂಟು ತಿಂಗಳಲ್ಲಿ ಮೂರನೆಯ ಅಜ್ಜಿ ತೀರಿಕೊಂಡದ್ದನ್ನು. ಬಿದ್ದು ಬಿದ್ದು ನಕ್ಕರು. ಆಮೇಲೆ ಏಪ್ರನ್ ಬಿಗಿದು, ಮೂರು ಬೆರಳಲ್ಲಿ ಹಣೆಗೆ ಸಕ್ಕರೆ ಪುಡಿ ಎಳೆದುಕೊಂಡು, ಭರಣಿಯ ಮುಂದೆ ನಿಂತೆ. ಕಾಕಾ ಕೂಡ ಕೈಕಟ್ಟಿ ನಗುತ್ತ, "ಬಂತಪಾ ನನ್ನ ಪಾಳಿ" ಎಂದರು.

ತಟ್ಟಿದೆ. ಬಗ್ಗಿದೆ. ಉಸಿರು ಹಿಡಿದೆ. ದಾರ ಸವರಿದೆ. "ಇನ್ನೊಂದ್ ದಿವಸ."

ಚಪ್ಪಾಳೆ ಬಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಗು ಬಂದಾಗ ಇನ್ನೊಂದು ನಗು ಬೇಕೆನ್ನುವುದು ನಮ್ಮಂಥವರ ರೋಗ. ಮೂಲೆಯಲ್ಲಿದ್ದ ಫಿನಾಯಿಲ್ ಡಬ್ಬಿ ತಂದು ಭರಣಿಯ ಜಾಗದಲ್ಲಿಟ್ಟೆ. ಮೂರು ಸಲ ತಟ್ಟಿದೆ. ಮುಖ ಓರೆ ಮಾಡಿ, ಅದೇ ಭಕ್ತಿಯಿಂದ, ಕಣ್ಣು ಮುಚ್ಚಿ ಬಗ್ಗಿದೆ. ದಾರ ಸವರಿದೆ.

"ಇನ್ನೊಂದ್ ದಿವಸ."

ಮಾವಶಿ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡಳು. ವೇಟರುಗಳು ಒಬ್ಬರ ಮೇಲೊಬ್ಬರು ಬಿದ್ದರು. ನಾನು ಕಣ್ಣು ಬಿಟ್ಟಾಗ ಇಬ್ಬರು ನಗುತ್ತಿರಲಿಲ್ಲ. ಕಾಕಾ, ಮತ್ತು ಶೇಠ್. ಶೇಠ್ ನನ್ನನ್ನು ನೋಡುತ್ತಿರಲಿಲ್ಲ, ಕಾಕಾನ ಮಣಿಕಟ್ಟಿನ ದಾರವನ್ನು ನೋಡುತ್ತಿದ್ದರು.

"ಚಲಾ, ನಾವೂ ಒಂದು ಆಟ ಆಡೋಣ" ಎಂದು ಶೇಠ್ ಮರಾಠಿಯಲ್ಲಿ ಹೇಳುತ್ತ ಎದ್ದರು. ಧ್ವನಿ ಇನ್ನೂ ಹಬ್ಬದ್ದೇ. ಒಳಗೆ ಹೋಗಿ ಮೂರು ಸ್ಟೀಲ್ ಬಟ್ಟಲು ತಂದು ಸಾಲಾಗಿ ಇಟ್ಟರು. ಮೂರರಲ್ಲೂ ಕೆಂಪು ದ್ರವ. ಒಂದರಲ್ಲಿ ನಮ್ಮ ಗುಲಾಬಿ ಲಿಕ್ಯೂರು. ಒಂದರಲ್ಲಿ ಕೋಕಂ ಬಣ್ಣ ಹಾಕಿದ ಬರೀ ವೋಡ್ಕಾ. ಇನ್ನೊಂದರಲ್ಲಿ ಅದೇ ಬಣ್ಣದ ಸಿರ್ಕಾ, ಸಲಾಡಿಗೆ ಹಾಕುವ ಹುಳಿ. "ಗುಲಾಬಿ ಯಾವುದು ಹೇಳು ಈರಣ್ಣಾ. ಮೂಸಿ ಹೇಳು, ನಾಲಿಗೆಗೆ ಹಚ್ಚಬೇಡ."

"ಶೇಠ್, ಇಷ್ಟು ವರ್ಷದ ಮೇಲೆ ಪರೀಕ್ಷೆಯಾ?" ಎಂದರು ಕಾಕಾ.

"ಪರೀಕ್ಷೆ ಏನು, ಆಟ."

ನಾನು ಕೌಂಟರಿನ ಈಚೆ ಮೊಳದಷ್ಟು ದೂರದಲ್ಲಿದ್ದೆ. ಸಿರ್ಕಾ ಬಲಗಡೆ. ಅದರ ಹುಳಿ ನನ್ನ ಹಣೆಯವರೆಗೆ ಏರುತ್ತಿತ್ತು. ಗುಲಾಬಿ ನಡುವಿನ ಬಟ್ಟಲಲ್ಲಿ. ಶೀತವಾದ ಮಗುವೂ ಹೇಳುತ್ತಿತ್ತು. ಕಾಕಾ ಒಂದೊಂದೇ ಬಟ್ಟಲಿನ ಮೇಲೆ ಬಗ್ಗಿದರು. ಆಗ, ನನ್ನ ಕಣ್ಣು ಇಷ್ಟು ದಿನ ಇಟ್ಟುಕೊಂಡಿದ್ದನ್ನೆಲ್ಲ ನನ್ನ ತಲೆಗೆ ತಂದು ಸುರಿಯಿತು. ಫಿನಾಯಿಲ್. ದಾರ. ಅಲುಗದ ಹೊಳ್ಳೆ. ನಾನು ಏನನ್ನು ಮಾಡಿ ತೋರಿಸಿದೆ ಎಂಬುದು ನನಗೆ ಗೊತ್ತಾದದ್ದು ಶೇಠರಿಗೆ ಗೊತ್ತಾದ ಎಷ್ಟೋ ಹೊತ್ತಿನ ಮೇಲೆ.

ಕಾಕಾ ತಲೆಯೆತ್ತಿ ನನ್ನನ್ನು ನೋಡಿದರು. ಅವರ ಕೈ ಬಟ್ಟಲುಗಳ ಮೇಲೆ ಗಾಳಿಯಲ್ಲಿ ಎಡದಿಂದ ಮೆಲ್ಲಗೆ ಸರಿಯಿತು. ನಡುವಿನದರ ಮೇಲೆ ಬಂದಾಗ ನಾನು ಎರಡು ಬೆರಳಿಂದ ನನ್ನ ಮೂಗು ಮುಟ್ಟಿಕೊಂಡೆ. ಇದೇ, ಕಾಕಾ. ಇದನ್ನು ಎತ್ತಿರಿ. ಹುಟ್ಟಿದಂದಿನಿಂದ ಅಷ್ಟು ನಿಜವಾದ ಮುಖ ನಾನು ಮಾಡಿರಲಿಲ್ಲ.

"ಬಘಾ ಬಘಾ, ಪುನ್ಹಾ ಕರ್ತೋಯ್!" ಎಂದು ಯಾರೋ ಕೂಗಿದರು. ನೋಡಿ, ಮತ್ತೆ ಮಾಡುತ್ತಿದ್ದಾನೆ. ಇಡೀ ಬಾರು ಮತ್ತೆ ನಕ್ಕಿತು. ಮೂಗು ಮುಟ್ಟಿಕೊಂಡ ರೇಡಿಯೋ ಅಂದರೆ ನಗದೆ ಇನ್ನೇನು ಮಾಡುತ್ತಾರೆ? ಕಾಕಾನ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ನಡುವಿನ ಬಟ್ಟಲಿನ ಮೇಲಿದ್ದ ಕೈ ಮುಂದಕ್ಕೆ ಹೋಯಿತು. ಬಲಗಡೆಯ ಬಟ್ಟಲು ಎತ್ತಿ ಶೇಠರ ಮುಂದಿಟ್ಟು, "ಇದು" ಎಂದರು.

ನಗು ಒಬ್ಬೊಬ್ಬರಲ್ಲೇ ನಿಂತಿತು. ಕೊನೆಗೆ ನಿಲ್ಲಿಸಿದವಳು ಮಾವಶಿ. ಅವಳಿಗೆ ಸಿರ್ಕಾದ ವಾಸನೆ ಆಗ ಮುಟ್ಟಿತ್ತು.

ಶೇಠ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎಷ್ಟು ದಿನದಿಂದ?" ಎಂದು ಕೇಳಿದರು. "ಕೊರೋನಾ ಜ್ವರ ಬಂದಿತ್ತಲ್ಲ, ಅಂದಿನಿಂದ" ಎಂದರು ಕಾಕಾ. ಏಪ್ರನ್ ಬಿಚ್ಚಿ, ಮಡಚಿ, ಕೆಂಪು ಬಟ್ಟೆಯ ಅಂಚಿಗೆ ಇಟ್ಟರು. ಕೈ ತಾನಾಗಿ ಹಿತ್ತಾಳೆಯ ಅಳತೆಯ ಕಡೆಗೆ ಹೋಯಿತು, ಅರ್ಧದಲ್ಲಿ ನಿಂತಿತು. ಪೂಜೆಗೆ ಇಟ್ಟ ಹತ್ಯಾರವನ್ನು ಮರುದಿನದವರೆಗೆ ಎತ್ತುವಂತಿಲ್ಲ. ಖಾಲಿ ಕೈಯಲ್ಲಿ ಹೋದರು. ಮರುದಿನ ಬರಲಿಲ್ಲ. ಆ ಮೇಲೂ ಬರಲಿಲ್ಲ.

ಮರುದಿನ ದಸರಾ. ನಮ್ಮಲ್ಲಿ ಬನ್ನಿ ಕೊಟ್ಟು ಹಿರಿಯರ ಕಾಲು ಮುಟ್ಟಿದರೆ ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಬೇಕು. ನಾನು ಬನ್ನಿ ಹಿಡಿದು ಕಾಕಾನ ಮನೆಗೆ ಹೋದೆ. ಬಾಗಿಲು ತೆರೆದವರು ಗೌರವ್ವ ಕಾಕು, ಅವರ ಹೆಂಡತಿ. ಒದ್ದೆ ಕೂದಲು, ಮಡಿಸೀರೆ. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ಕಾಕಾ ಇದ್ದಾರೇನ್ರಿ?"

"ಇದ್ದಾರ. ಏಳಂಗಿಲ್ಲ."

ಹೊಸ್ತಿಲಲ್ಲೇ ನಿಂತು ಅವರು ಹೇಳಿದರು. ದಿನಾ ಕೆಲಸ ಮುಗಿಸಿ ಬರುವಾಗ ಕಾಕಾ ಭರಣಿಯಿಂದ ಪುಟ್ಟ ಶೀಶೆಯಲ್ಲಿ ಒಂದಿಷ್ಟು ತುಂಬಿಕೊಂಡು ಬರುತ್ತಿದ್ದರಂತೆ. ಬೆಳಿಗ್ಗೆ ಕಾಕು ಮೂಸುವುದು. ಎಷ್ಟು ದಿನ ಬಾಕಿ ಇದೆ ಎಂದು ಹೇಳುವುದು. ಅಷ್ಟು ಗಂಟು ಹಾಕಿ ದಾರವನ್ನು ಗಂಡನ ಕೈಗೆ ಕಟ್ಟುವುದು.

"ಹಡದಾಕಿ ಹೊಟ್ಟೆಯಿಂದ ನಾ ಸೆರೇದ ವಾಸನಿ ಕಂಡಾಕಿ ಅಲ್ಲ ತಮ್ಮಾ. ಮದಲ ಮದಲ ವಾಂತಿ ಬರ್ತಿತ್ತು. ಮೂಸಿದ ಮ್ಯಾಲೆ ಇನ್ನೊಮ್ಮೆ ಜಳಕಾ ಮಾಡಿ ಲಿಂಗಪೂಜಾಕ್ಕ ಕೂಡ್ತಿದ್ದೆ. ಎರಡು ವರ್ಷ ದಿನಾ ಎರಡು ಜಳಕ. ಇವತ್ತೊಂದ ಜಳಕಾ ಆತು ನೋಡು. ಭಾಳ ಹಗುರ ಆತು."

ಆ ಕೊನೆಯ ಮಾತನ್ನು ಅವರು ಹೇಳಿದ ಬಗೆಯನ್ನು ನಾನು ಈವರೆಗೆ ಯಾರ ಎದುರೂ ಮಾಡಿ ತೋರಿಸಿಲ್ಲ.

ಬನ್ನಿ ಮುಂದೆ ಚಾಚಿದೆ. ಕಾಕು ಕೈ ಹಿಂದಕ್ಕೆ ತೆಗೆದುಕೊಂಡರು. "ನನಗ್ಯಾಕ? ಅವರ ಕೈಯಾಗ ಕೊಡು, ತಗೊಂಡ್ರ." ಒಳಗೆ ಪಡದೆಯ ಹಿಂದೆ ಕಾಕಾನ ಕಾಲುಗಳು ಕಾಣುತ್ತಿದ್ದವು. ಸ್ವಲ್ಪ ಹೊತ್ತು ನಿಂತೆ. ಕಾಲು ಅಲುಗಲಿಲ್ಲ.

ದೀಪಾವಳಿಯ ಲಿಕ್ಯೂರು ನನ್ನ ಪಾಲಿಗೆ ಬಂತು. ಶೇಠ್ ಹಿತ್ತಾಳೆಯ ಅಳತೆಯನ್ನು ನನ್ನ ಕೈಗಿಟ್ಟು, "ಮೂಗು ಇದೆಯಲ್ಲ ನಿನಗೆ?" ಎಂದರು. ಇತ್ತು. ಆದರೆ ಅತ್ತರಿನ ಅಂಗಡಿಯ ಹದಿನಾಲ್ಕು ವರ್ಷ ಇರಲಿಲ್ಲ. ತಪ್ಪಿದರೆ ಗಂಡನ ಕೆಲಸ ಹೋದೀತೆಂಬ ಗೌರವ್ವ ಕಾಕುವಿನ ಹೆದರಿಕೆಯೂ ಇರಲಿಲ್ಲ. ಇನ್ನೊಂದು ದಿನ, ಇನ್ನೊಂದು ದಿನ ಎನ್ನುತ್ತ ಎರಡು ದಿನ ತಡವಾಗಿ ಸೋಸಿದೆ. ನಾಲಿಗೆಗೆ ಹಚ್ಚಿ ನೋಡಿದರೆ ಒಣ ಹುಲ್ಲು. ಎಲ್ಲ ಚೆಲ್ಲುವಷ್ಟು ಧೈರ್ಯ ಇರಲಿಲ್ಲ, ಹೊಸ ಹೂವಿಗೆ ಸಮಯ ಇರಲಿಲ್ಲ. ಸಕ್ಕರೆ ಜಾಸ್ತಿ ಹಾಕಿದೆ. ಕಂದೀಲಿಗೆ ಕೋಕಂ ಹೆಚ್ಚಿಸಿದೆ, ಆಂಘೋಳಿಗೆ ಯಾಲಕ್ಕಿ ಹೆಚ್ಚಿಸಿದೆ. ಗ್ಲಾಸಿನ ಅಂಚಿಗೆ ಕಲ್ಲುಸಕ್ಕರೆ ಮೆತ್ತಿ, ಮೇಲೊಂದು ಎಸಳು ತೇಲಿಬಿಟ್ಟೆ. ಮೊದಲ ಗುಟುಕಿಗೇ ಯಾರಾದರೂ ಎದ್ದು ನಿಂತು, ಇದು ಹುಲ್ಲು, ಈರಣ್ಣ ಎಲ್ಲಿ, ಎಂದು ಕೇಳುತ್ತಾರೆ ಎಂದು ಕಾದೆ.

ಯಾರೂ ಕೇಳಲಿಲ್ಲ. ಕುಡಿದರು, ಇನ್ನೊಂದು ತರಿಸಿದರು. ಹಳೆಯ ಗಿರಾಕಿಯೊಬ್ಬರು, ಕಾಕಾನ ಕೈಯದು ಬಿಟ್ಟರೆ ಬೇರೆ ಕುಡಿಯುವುದಿಲ್ಲ ಎನ್ನುತ್ತಿದ್ದವರು, "ವಾಹ್, ಈರಣ್ಣಾ ಅಂದರೆ ಈರಣ್ಣಾ" ಎಂದು ಗ್ಲಾಸು ಎತ್ತಿದರು. ಇಡೀ ಹಬ್ಬದಲ್ಲಿ ಒಂದು ನರಪಿಳ್ಳೆಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಅದನ್ನು ನಾನು ತಡೆದುಕೊಳ್ಳಲಾರದೆ ಹೋದೆ. ಕಾಕಾ ಉಸಿರೆಳೆಯದೆ ಮೂಸುತ್ತಿದ್ದ ಎರಡು ವರ್ಷ, ಕಾಕುವಿನ ಅಷ್ಟೂ ಜಳಕ, ಯಾರಿಗಾಗಿ?

ಆ ಚಳಿಗಾಲದಿಂದ ನಾನೇ ಭರಣಿಯ ಮುಂದೆ ನಿಲ್ಲುವವನು. ಮೂರು ಸಲ ತಟ್ಟುತ್ತೇನೆ. ಮುಖ ಓರೆ ಮಾಡುತ್ತೇನೆ. ಬೇಡವೆಂದರೂ ಬರುತ್ತದೆ. ಬೇರೆ ರೀತಿಯಲ್ಲಿ ಮೂಸುವುದು ಹೇಗೆ ಎಂಬುದೇ ಮರೆತುಹೋಗಿದೆ.

ಟ್ರಕ್ಕು ಇನ್ನೂ ಸರಿದಿರಲಿಲ್ಲ. ನಾನು ಚೀಲ ಎತ್ತಿಕೊಂಡು ಬಸ್ಸಿನಿಂದ ಇಳಿದೆ. ಕಾಕಾ ಇಲ್ಲಿ ಕೆಲಸಕ್ಕಿದ್ದಾರೆ ಎಂದು ಮಾವಶಿ ಹಿಂದೆಯೇ ಹೇಳಿದ್ದಳು.

ತಗಡಿನ ಗೋಡೆಯ ಒಳಗೆ ಹೂವಿನ ಗುಡ್ಡಗಳು. ಹೊಸತು ಹಳದಿ, ಹಳೆಯದು ಕಂದು, ಇನ್ನೂ ಹಳೆಯದು ಕಪ್ಪು, ಅದರಿಂದ ಸಣ್ಣಗೆ ಹೊಗೆಯಂಥ ಆವಿ. ನಾಲ್ಕೈದು ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಾರಗಳಿಂದ ದಾರ ಎಳೆದು ತೆಗೆಯುತ್ತಿದ್ದರು. ದಾರ ಗೊಬ್ಬರವಾಗುವುದಿಲ್ಲವಂತೆ. ಬಟ್ಟೆ ಕಟ್ಟದವರು ಒಬ್ಬರೇ. ಗುಡ್ಡದ ಬುಡದಲ್ಲಿ, ರಬ್ಬರ್ ಬೂಟಿನಲ್ಲಿ, ತೊಡೆಯ ಮೇಲೆ ಬುತ್ತಿ ಬಿಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದರು. ಹಣೆಯ ಮೇಲೆ ಮೂರು ಬೆರಳು ವಿಭೂತಿ.

"ಓಹೋ, ರೇಡಿಯೋ" ಎಂದರು. ಸಿಟ್ಟಿಲ್ಲ, ಸಂತೋಷವೂ ಇಲ್ಲ. "ಕೂಡು. ರೊಟ್ಟಿ ತಿಂತೀ ಏನು?"

ನನಗೆ ಉಸಿರೆಳೆಯುವುದೇ ಕಷ್ಟವಾಗಿತ್ತು. "ಆತ್ರಿ ಕಾಕಾ, ನಂದು ಊಟ ಆಗ್ಯದ" ಎಂದೆ.

"ನನಗಿಲ್ಲೆ ಭಾಳ ಆರಾಮ ಅದ. ಉಳದವರೆಲ್ಲಾ ಹೊರಗ ಹೋಗಿ ಉಣತಾರ. ಕೆಲಸ ಮಾಡಸೂ ಮುಕಾದಮ ಅಂತಾನ, ಈರಣ್ಣನಂಥಾ ಮನಶ್ಯಾ ಸಿಗಂಗಿಲ್ಲ ಅಂತ." ರೊಟ್ಟಿ ಮುರಿದರು. "ಮನ್ಯಾಗ ಒಂದಿಷ್ಟು ತ್ರಾಸ. ನಿಮ್ಮ ಕಾಕು ಬಾಗಲದಾಗ ನಿಂದರಸಿ ಮೊದಲ ಜಳಕಾ ಮಾಡಸ್ತಾಳ. ಆದರೂ ಬಾಜೂಕ ಕೂಡ್ಲಿಕ್ಕೆ ಆಗಂಗಿಲ್ಲ ಆಕಿಗೆ. ಮೂಗು ಭಾಳ ತೀಕ್ಷ್ಣ ಅದ. ನಾ ಹೊರಗ ಗ್ಯಾಲರಿಯೊಳಗ ಮಲಗ್ತೀನಿ. ನನಗೇನ್ ಗೊತ್ತಾಗಬೇಕು ಮೈ ನಾರತದ ಅಂತ? ಆಕಿ ಮಾರಿ ನೋಡಿ ತಿಳಕೋತೀನಿ."

ಚೀಲದಿಂದ ಹಿತ್ತಾಳೆಯ ಅಳತೆ ತೆಗೆದು ಅವರ ಮುಂದೆ ಹಿಡಿದೆ. ಗುರುತು ಹಿಡಿದರು, ಮುಟ್ಟಲಿಲ್ಲ. "ಇಲ್ಲೆ ಅದರಿಂದ ಏನ್ ಅಳೀಲಿ?" ಎಂದರು. ಕಿಸೆಯಿಂದ ಬನ್ನಿ ತೆಗೆದೆ. ಅದನ್ನು ತೆಗೆದುಕೊಂಡರು. ಹಳೆಯ ಚಾಳಿಗೆ ಎಲೆಯನ್ನು ಮೂಗಿನ ಹತ್ತಿರ ಒಯ್ದರು, ಮುಖ ಒಂದಿಷ್ಟು ಓರೆ ಮಾಡಿ. ಹೊಳ್ಳೆ ಅಲುಗಲಿಲ್ಲ.

ನಾನು ಕಾಲು ಮುಟ್ಟಿದೆ. ರಬ್ಬರ್ ಬೂಟಿಗೆ ಹೂವು ಮೆತ್ತಿಕೊಂಡಿತ್ತು. ಏಳಲಾಗಲಿಲ್ಲ. ಅಲ್ಲೇ ಕೂತು ಹೇಳಿದೆ. "ಕಾಕಾ, ಅವತ್ತ ನಾ ಮೂಗು ಮುಟ್ಟಿಕೊಂಡಿದ್ದು ಚಾಷ್ಟಿಗಲ್ರಿ. ನಡುವಿನ ಬಟ್ಟಲದಾಗಿತ್ರಿ ಗುಲಾಬಿ. ನಿಮಗ ತೋರಸ್ಲಿಕತ್ತಿದ್ದೆ. ಖರೇನ ತೋರಸ್ಲಿಕತ್ತಿದ್ದೆ." ಮೂಗು ಸೋರಿತು, ತುಟಿ ಒಂದು ಕಡೆ ಎಳೆಯಿತು, ಮಾತು ತುಂಡು ತುಂಡಾಯಿತು. ಇಪ್ಪತ್ತೇಳು ವರ್ಷದ ಗಂಡಸು ಅಳುವಾಗ ಎಷ್ಟು ಕುರೂಪ ಕಾಣುತ್ತಾನೆ ಎಂದು ನನಗೆ ಚೆನ್ನಾಗಿ ಗೊತ್ತು, ಬಾರಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಕಾಕಾ ರೊಟ್ಟಿ ಬಾಯಿಗೆ ಹಾಕದೆ ನನ್ನನ್ನೇ ನೋಡುತ್ತ ಕೂತರು. ಗಮನ ಕೊಟ್ಟು ನೋಡಿದರು, ಮೊದಲು ಕೌಂಟರಿನ ಹಿಂದೆ ನಾನು ಹೊಸಬರನ್ನು ಮಾಡಿ ತೋರಿಸುವಾಗ ನೋಡುತ್ತಿದ್ದ ಹಾಗೆ. ಆಮೇಲೆ ಅವರ ಹೊಟ್ಟೆ ಅಲುಗಿತು. ಮುಖಕ್ಕೆ ನಗು ತಡವಾಗಿ ಬಂತು.

"ಛಲೋ ಮಾಡ್ತೀಲೇ" ಎಂದರು. "ಎಲ್ಲಾ ಬರ್ತಿತ್ತು ನಿನಗ, ಅಳೂದೊಂದ ಬರ್ತಿದ್ದಿಲ್ಲ. ಅದನೂ ಕಲ್ತಿ."

ದಾರ ಎಳೆಯುತ್ತಿದ್ದವರ ಕಡೆಗೆ ತಿರುಗಿ ಮರಾಠಿಯಲ್ಲಿ ಕೂಗಿದರು. ಬನ್ನಿರೋ, ನಮ್ಮೂರ ಹುಡುಗ ಬಂದಿದ್ದಾನೆ, ಯಾರನ್ನು ಬೇಕಾದರೂ ಮಾಡಿ ತೋರಿಸುತ್ತಾನೆ. ಅವರು ಮೂಗಿನ ಬಟ್ಟೆ ಸರಿಸುತ್ತ ಬಂದು ಸುತ್ತ ನಿಂತರು.

"ಇನ್ನೊಮ್ಮೆ ಮಾಡು" ಎಂದರು ಕಾಕಾ, ಬುತ್ತಿಯ ಬಟ್ಟೆ ಗಂಟು ಕಟ್ಟುತ್ತ. "ಇವರೂ ನೋಡ್ಲಿ."

ಮಾಡಿದೆ. ಎಲ್ಲರೂ ನಕ್ಕರು.